ಭಾವ, ಸಹಿ ಹಾಕುವ ಮುಂಚೆ

ಭಾವ, ನಮಸ್ಕಾರ. ಅಕ್ಕಾ, ನೀನೂ ಓದು. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆಯಾಗುತ್ತದೆ. ಅದಕ್ಕೇ ಫೋನಿಗೆ ಮಾತಾಡಿ ಅಕ್ಷರ ಮಾಡಿಸಿ ಕಳಿಸುತ್ತಿದ್ದೇನೆ. ಹೊಲದಲ್ಲಿ ಪಂಪ್‌ಸೆಟ್ ಹತ್ತಿರ ಕೂತಿದ್ದೇನೆ, ಕರೆಂಟ್ ಬರುವವರೆಗೂ ಬಿಡುವು. ಉದ್ದವಾದರೆ ಬೈಯಬೇಡಿ.

ನಿನ್ನೆ ರಾತ್ರಿ ಭಾವ ಈ ಗ್ರೂಪಿನಲ್ಲಿ ಕೇಳಿದ್ದು ಒಂದೇ ಮಾತು. ಮಗನಿಗೆ 17 ವರ್ಷ 8 ತಿಂಗಳು. ಅಗ್ನಿವೀರ್‌ಗೆ, ಅಂದರೆ ಸೇನೆಯ ನಾಲ್ಕು ವರ್ಷದ ಸೈನಿಕನ ಕೆಲಸಕ್ಕೆ, ಅರ್ಜಿ ಹಾಕುತ್ತೇನೆ ಅಂತ ಹಟ ಹಿಡಿದಿದ್ದಾನೆ. 18 ತುಂಬದವರಿಗೆ ಮನೆಯವರ ಸಹಿ ಬೇಕು. ಹಾಕಲೋ, ಬೇಡವೋ? ಬೆಳಗಾಗುವಷ್ಟರಲ್ಲಿ 40 ಮೆಸೇಜ್. ಹಿಂದೂಪುರದ ಚಿಕ್ಕಪ್ಪ 'ನಾಲ್ಕು ವರ್ಷ ದುಡಿಸಿಕೊಂಡು ಬೀದಿಗೆ ಬಿಡುತ್ತಾರೆ' ಅನ್ನುವ ವಿಡಿಯೋ ಹಾಕಿದರು. ಬೆಂಗಳೂರಿನ ದೊಡ್ಡಪ್ಪನ ಮಗ ಬಾವುಟದ ಚಿತ್ರ ಹಾಕಿ 'ದೇಶಸೇವೆಗೂ ಲೆಕ್ಕ ಇಡ್ತೀರಾ' ಅಂದ. ಅವನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಇರಲಿ ಬಿಡಿ. ಭಾವ ಕೇಳಿದ್ದಕ್ಕೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ನಾನು 17 ವರ್ಷ ಸೇನೆಯ ಇಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವನು. ಬೆಂಗಳೂರಿನಲ್ಲಿರುವ ಅದರ ಎಂಇಜಿ ಸೆಂಟರ್‌ನಲ್ಲಿ ಟ್ರೈನಿಂಗ್. ಸೇನೆಯಲ್ಲಿ ನಮ್ಮನ್ನು ಎಲ್ಲರೂ 'ತಂಬಿ' ಅಂತಲೇ ಕರೆಯುತ್ತಾರೆ, ಆಂಧ್ರದ ಗಡಿಯ ಅಮರಾಪುರದ ಕನ್ನಡದವನಾದರೂ ತಂಬಿಯೇ. ಹಾಗಾಗಿ ನಾನು ಸುಮ್ನೆ ಕೂತರೆ ತಪ್ಪಾಗುತ್ತದೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಎಲ್ಲರೂ ನಾಲ್ಕು ವರ್ಷದ ಕೊನೆಗೆ 11.71 ಲಕ್ಷ ಸಿಗುತ್ತದೆ ಅಂತ ಬರೆದಿದ್ದೀರಿ. ನಿಜ, ಆದರೆ ಅದು ಹೇಗೆ ಆಗುತ್ತದೆ ನೋಡಿ. ಮೊದಲ ವರ್ಷ ತಿಂಗಳಿಗೆ 30,000. ಕೈಗೆ ಬರುವುದು 21,000, ಉಳಿದ 9,000 ಸೇವಾ ನಿಧಿಗೆ, ಅಂದರೆ ಕೊನೆಯಲ್ಲಿ ಒಟ್ಟಿಗೆ ಕೊಡುವ ಗಂಟಿಗೆ, ಹಿಡಿಯುತ್ತಾರೆ. ನಾಲ್ಕನೇ ವರ್ಷ 40,000, ಕೈಗೆ 28,000. ಹೀಗೆ ನಾಲ್ಕು ವರ್ಷದಲ್ಲಿ ಹಿಡಿದದ್ದು 5.02 ಲಕ್ಷ. ಸರ್ಕಾರ ಅಷ್ಟೇ ಹಾಕುತ್ತದೆ, ಬಡ್ಡಿ ಸೇರಿ 11.71 ಲಕ್ಷ. ಅಂದರೆ ಹತ್ತಿರ ಹತ್ತಿರ ಅರ್ಧ ಹುಡುಗನದೇ ಸಂಬಳ. ಅದಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಒಳ್ಳೆಯದೇ. ಪಿಂಚಣಿಯೂ ಇಲ್ಲ, ಗ್ರಾಚ್ಯುಟಿ ಇಲ್ಲ, ಮಿಲಿಟರಿ ಕ್ಯಾಂಟೀನ್ ಕಾರ್ಡ್ ಇಲ್ಲ, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯ ಇಲ್ಲ. ಮಾಜಿ ಸೈನಿಕ ಅನ್ನುವ ಹೆಸರೇ ಸಿಗುವುದಿಲ್ಲ.

ಅಕ್ಕಾ, ನಿನ್ನ ಅಡುಗೆ ಮನೆಯಲ್ಲಿ ಇವತ್ತಿಗೂ ಕೂಗುವ ಕುಕ್ಕರ್ ನಾನು ಕ್ಯಾಂಟೀನಿನಿಂದ ತಂದದ್ದು. ಅಮ್ಮನ ಕಣ್ಣಿನ ಆಪರೇಷನ್ ಆದದ್ದು ಪಿಂಚಣಿಯಲ್ಲಿ. ಈ ಬೋರ್‌ವೆಲ್ ಕೂಡ. ಮೂರು ಕೊರೆಸಿ, ಎರಡರಲ್ಲಿ ಧೂಳು ಬಂದು, ಮೂರನೆಯದರಲ್ಲಿ ಎರಡಿಂಚು ನೀರು ಬಂತಲ್ಲ, ಆ ಎರಡು ಧೂಳಿನ ಸಾಲವನ್ನೂ ತೀರಿಸಿದ್ದು ಪಿಂಚಣಿಯೇ. ಹುಡುಗನಿಗೆ ಮಾವನ ಕಥೆ ನೋಡಿ ಆಸೆ ಹುಟ್ಟಿದೆ. ಆದರೆ ಅವನು ಹೋಗುತ್ತಿರುವುದು ಮಾವ ಹೋದ ಕೆಲಸಕ್ಕಲ್ಲ. ಇದನ್ನು ನಾನೇ ಹೇಳಬೇಕು, ಬೇರೆಯವರು ಹೇಳಿದರೆ ಅವನು ಕೇಳುವುದಿಲ್ಲ.

ಸರ್ಕಾರ ಯಾಕೆ ಹೀಗೆ ಮಾಡಿತು ಅನ್ನುವುದು ಗುಟ್ಟೇನಲ್ಲ. 2022ರ ಜೂನ್ 14ರಂದು ಅಗ್ನಿವೀರರನ್ನು ತೆಗೆದುಕೊಳ್ಳುವ ಈ ಅಗ್ನಿಪಥ ಯೋಜನೆ ಘೋಷಿಸಿದಾಗ ಹೇಳಿದ್ದು, ಸೈನಿಕರ ಸರಾಸರಿ ವಯಸ್ಸು 32 ಇದೆ, 26ಕ್ಕೆ ಇಳಿಯಬೇಕು ಅಂತ. ಅದು ಸುಳ್ಳಲ್ಲ. ಗುಡ್ಡ ಹತ್ತುವ ಕೆಲಸಕ್ಕೆ ಎಳೆಯ ಕಾಲು ಬೇಕು. 30 ದಾಟಿ ಹೊಟ್ಟೆ ಬಂದ ಸೈನಿಕರನ್ನು ನಾನೇ ಕಂಡಿದ್ದೇನೆ, ಕನ್ನಡಿಯಲ್ಲಿ. ಅಷ್ಟು ಗಟ್ಟಿಯಾಗಿ ಹೇಳದೇ ಬಿಟ್ಟದ್ದು ಪಿಂಚಣಿಯ ಭಾರ. ಆ ವರ್ಷದ ರಕ್ಷಣಾ ಬಜೆಟ್ 5.25 ಲಕ್ಷ ಕೋಟಿ. ಅದರಲ್ಲಿ 1.19 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತಿತ್ತು. ಅದರಲ್ಲಿ ನನ್ನದೂ ಒಂದು ಚೂರು ಇದೆ, ಹಾಗಾಗಿ ಜಾಸ್ತಿ ಮಾತಾಡುವುದಿಲ್ಲ.

ನನ್ನ ತಲೆ ಕೊರೆಯುವುದು ದುಡ್ಡಿಗಿಂತ ಇನ್ನೊಂದು ಲೆಕ್ಕ. ನಾಲ್ಕರಲ್ಲಿ ಒಬ್ಬ. ನಾಲ್ಕು ವರ್ಷ ಆದ ಮೇಲೆ ಹೆಚ್ಚೆಂದರೆ 25% ಹುಡುಗರನ್ನು ಕಾಯಂ ಮಾಡಿ ಇನ್ನೂ 15 ವರ್ಷ ಇಟ್ಟುಕೊಳ್ಳುತ್ತಾರೆ. ಉಳಿದ ಮೂವರು ಮನೆಗೆ.

ಸ್ಯಾಪರ್‌ಗಳು ಬೈಲಿ ಸೇತುವೆ ಕಟ್ಟುತ್ತೇವೆ, ನಿಮಗೆ ಹಿಂದೆ ಹೇಳಿದ್ದೇನೆ. ಕಬ್ಬಿಣದ ಪ್ಯಾನೆಲ್‌ಗಳನ್ನು ಒಂದಕ್ಕೊಂದು ಪಿನ್ ಹೊಡೆದು ಜೋಡಿಸುವುದು. ಒಂದೊಂದು ಪ್ಯಾನೆಲ್ ಸುಮಾರು 260 ಕೆ.ಜಿ. ಕ್ರೇನ್ ಗೀನ್ ಏನೂ ಇರುವುದಿಲ್ಲ. ಅಡ್ಡ ಕೋಲು ತೂರಿಸಿ ಆರು ಜನ ಎತ್ತಬೇಕು. ಎತ್ತುವುದು ಕಷ್ಟವಲ್ಲ, ಇಳಿಸುವುದು ಕಷ್ಟ. ಆರೂ ಜನ ಒಂದೇ ಉಸಿರಿಗೆ ಬಗ್ಗಬೇಕು. ಒಬ್ಬ ಒಂದು ಕ್ಷಣ ಮುಂಚೆ ಕೈ ಬಿಟ್ಟರೆ ಪಕ್ಕದವನ ಕಾಲು ಹೋಯಿತು. ನನ್ನ ಎಡಗಾಲಿನ ಹೆಬ್ಬೆರಳು ನೋಡಿದ್ದೀರಲ್ಲ, ಉಗುರಿಲ್ಲದ್ದು? ಮಕ್ಕಳು ಕೇಳಿದಾಗೆಲ್ಲ ಯುದ್ಧದಲ್ಲಿ ಆಯಿತು ಅಂತ ಬಿಟ್ಟಿದ್ದೇನೆ. ಅದು ಯುದ್ಧವಲ್ಲ, ಪ್ಯಾನೆಲ್. ಕೈ ಬಿಟ್ಟವನು ನನ್ನ ಬ್ಯಾಚಿನವನೇ, ಸೇಲಂ ಕಡೆಯವನು. ಆ ರಾತ್ರಿ ನನ್ನ ಬೂಟು ಅವನೇ ಪಾಲಿಶ್ ಮಾಡಿದ. ಒಂದು ವಾರ ನನ್ನ ಪಹರೆಯನ್ನೂ ಅವನೇ ಮಾಡಿದ. ಇವತ್ತಿಗೂ ಸಂಕ್ರಾಂತಿಗೆ ಫೋನ್ ಮಾಡಿ ಮೊದಲು ಹೆಬ್ಬೆರಳನ್ನು ವಿಚಾರಿಸುತ್ತಾನೆ, ಆಮೇಲೆ ನನ್ನನ್ನು. ಆಗ ನಮ್ಮಿಬ್ಬರ ನೌಕರಿಯೂ ಗಟ್ಟಿ ಇತ್ತು. ಅವನು ತಪ್ಪು ಮಾಡಿದರೆ ನನಗೆ ಸೀಟು ಸಿಗುತ್ತದೆ ಅನ್ನುವ ಯೋಚನೆ ಬರುವ ಜಾಗವೇ ಇರಲಿಲ್ಲ.

ಈಗ ಹೇಗಿದೆ ಅಂತ ಪಕ್ಕದೂರಿನ ಹುಡುಗನೊಬ್ಬನನ್ನು ಕೇಳಿದೆ. ಅಗ್ನಿವೀರ್ ಆಗಿ ಮೂರನೇ ವರ್ಷ, ರಜೆಗೆ ಬಂದಿದ್ದ. ಅವರಿಗೆ ವರ್ಷಕ್ಕೆ 30 ದಿನ ರಜೆ. 'ಎತ್ತುವಾಗ ಎಲ್ಲರೂ ಒಟ್ಟಿಗೇ ಎತ್ತುತ್ತೀವಿ ಮಾವ. ಸಂಜೆ ಬ್ಯಾರಕ್ಕಿಗೆ ಬಂದ ಮೇಲೆ ಯಾರಿಗೆ ಎಷ್ಟು ಮಾರ್ಕು ಅಂತ ಲೆಕ್ಕ ಹಾಕುತ್ತೀವಿ' ಅಂದ. ನಗುತ್ತಲೇ ಹೇಳಿದ. ಆ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಅವನ ತಾಯಿ ಹುಡುಗಿ ಹುಡುಕುತ್ತಿದ್ದಾಳೆ. ನಾಲ್ಕು ವರ್ಷ ಮುಗಿಯದೇ ಮದುವೆ ಆಗುವಂತಿಲ್ಲ, ಮಾತಾದರೂ ಆಡಿಟ್ಟುಕೊಳ್ಳೋಣ ಅಂತ. ಮುಂಚೆ ಮಿಲಿಟರಿ ಹುಡುಗ ಅಂದರೆ ಹೆಣ್ಣಿನ ಕಡೆಯವರೇ ಬರುತ್ತಿದ್ದರು. ಈಗ ಮೊದಲ ಪ್ರಶ್ನೆಯೇ 'ಪರ್ಮನೆಂಟಾ?'

ದೊಡ್ಡಕ್ಕನ ಮಗನ ವಿಷಯ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಎತ್ತಲಿಲ್ಲ. ನಾನೇ ಎತ್ತುತ್ತೇನೆ, ಅವನು ಬೇಜಾರು ಮಾಡಿಕೊಳ್ಳುವುದಿಲ್ಲ. ಕೊರೋನಾ ಕಾಲದಲ್ಲಿ ಸೇನೆಯ ಟ್ರೇಡ್ಸ್‌ಮನ್ (ಅಡುಗೆಯಂಥ ಕೆಲಸದವರ) ಭರ್ತಿ ರ‍್ಯಾಲಿಗೆ ಹೋಗಿ ಓಟ, ಮೆಡಿಕಲ್ ಎರಡೂ ಪಾಸಾಗಿದ್ದ. ಲಿಖಿತ ಪರೀಕ್ಷೆ ಒಂದೇ ಬಾಕಿ. ಅದು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. 2022ರಲ್ಲಿ ಹಳೆಯದೆಲ್ಲ ರದ್ದು, ಅಗ್ನಿಪಥದಲ್ಲಿ ಹೊಸದಾಗಿ ಬನ್ನಿ ಅಂದರು. ಆ ಜೂನ್ 17ರಂದು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ರೈಲಿಗೆ ಬೆಂಕಿ ಬಿತ್ತು, ಪೊಲೀಸರ ಗುಂಡಿಗೆ ಒಬ್ಬ ಹುಡುಗ ಹೋದ. ಇವನೂ ಸ್ನೇಹಿತರ ಜೊತೆ ಹೊರಟು ನಿಂತಿದ್ದ. ಕೇಸು ಬಿದ್ದರೆ ಪೊಲೀಸ್ ವೆರಿಫಿಕೇಷನ್ ಆಗುವುದಿಲ್ಲ ಅಂತ ಹೆದರಿಸಿ ಕೂರಿಸಿದ್ದು ನಾನು. ಎರಡೇ ದಿನಕ್ಕೆ ಸೇನೆಯ ಅಧಿಕಾರಿಗಳು, ಗಲಾಟೆಯಲ್ಲಿ ಇರಲಿಲ್ಲ ಅಂತ ಬರೆದುಕೊಡಬೇಕು ಅಂದರು. ಆ ವರ್ಷಕ್ಕೆ ಮಾತ್ರ ವಯಸ್ಸಿನ ಮಿತಿಯನ್ನು 21ರಿಂದ 23ಕ್ಕೆ ಏರಿಸಿದರು. ಇವನಿಗೆ 23 ದಾಟಿ ಮೂರು ತಿಂಗಳಾಗಿತ್ತು. ಹೀಗೆ ಕಾದು ಕೂತವರು ಕೋರ್ಟಿಗೂ ಹೋದರು. 2023ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ತಳ್ಳಿಹಾಕಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಈಗ ಪೀಣ್ಯದ ಒಂದು ಗೋಡೌನಿನಲ್ಲಿದ್ದಾನೆ. ಬೆಳಿಗ್ಗೆ ಎದ್ದು ಈಗಲೂ ಓಡುತ್ತಾನಂತೆ. ಯಾಕೋ ಅಂದರೆ 'ಅಭ್ಯಾಸ ಮಾವ' ಅಂತಾನೆ.

ಇನ್ನು ಚಿಕ್ಕಪ್ಪ ಹಾಕಿದ ವಿಡಿಯೋದಲ್ಲಿದ್ದ ಮುರಳಿ ನಾಯಕ್. ನಮ್ಮದೇ ಶ್ರೀ ಸತ್ಯಸಾಯಿ ಜಿಲ್ಲೆಯ ಗೋರಂಟ್ಲ ಕಡೆಯ ಕಲ್ಲಿ ತಾಂಡಾದ ಹುಡುಗ, ಅಗ್ನಿವೀರ್. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಹೊತ್ತಿನಲ್ಲಿ, ಗಡಿಯಲ್ಲಿ ಶೆಲ್ ದಾಳಿಗೆ ಹೋದ. ಅಪ್ಪ ಅಮ್ಮ ಮುಂಬೈಯಲ್ಲಿ ಕೂಲಿ ಮಾಡಿ ಸಾಕಿದ ಒಬ್ಬನೇ ಮಗ. ಮಂತ್ರಿಗಳು ತಾಂಡಾಕ್ಕೆ ಬಂದರು, ರಾಜ್ಯ ಸರ್ಕಾರ 50 ಲಕ್ಷ, ಐದು ಎಕರೆ ಜಮೀನು ಅಂತ ಹೇಳಿತು. ಅಗ್ನಿವೀರ್ ಕೆಲಸದ ಮೇಲೆ ಸತ್ತರೆ 48 ಲಕ್ಷ ವಿಮೆ, ಮೇಲೆ 44 ಲಕ್ಷ ಪರಿಹಾರ ಇದೆ. ಏನೂ ಕೊಡುವುದಿಲ್ಲ ಅನ್ನುವುದು ತಪ್ಪು, ಚಿಕ್ಕಪ್ಪ. ಆದರೆ ಕಾಯಂ ಸೈನಿಕ ಸತ್ತರೆ ಮನೆಯವರಿಗೆ ತಿಂಗಳಾ ತಿಂಗಳಾ ಬರುವ ಕುಟುಂಬ ಪಿಂಚಣಿ ಇವರಿಗೆ ಇಲ್ಲ. ಅದನ್ನೇ ಕೇಳಿ ಆ ತಾಯಿ ಬಾಂಬೆ ಹೈಕೋರ್ಟಿಗೆ ಹೋಗಿದ್ದಾರೆ. ಬಂಕರಿನಲ್ಲಿ ಒಬ್ಬ ಕಾಯಂ, ಪಕ್ಕದಲ್ಲಿ ಒಬ್ಬ ಅಗ್ನಿವೀರ್ ಇದ್ದರೆ ಶೆಲ್ಲಿಗೆ ಗೊತ್ತಾಗುತ್ತದಾ? ನನಗೆ ಈ ಸ್ಕೀಮಿನಲ್ಲಿ ಸಿಟ್ಟು ಬರುವುದು ಇದೊಂದಕ್ಕೆ. ಉಳಿದದ್ದಕ್ಕೆ ಬೇಜಾರಷ್ಟೇ.

ಇಷ್ಟೆಲ್ಲ ಹೇಳಿ, ಭಾವ, ನನ್ನ ಮಾತು ಕೇಳಿದರೆ ಸಹಿ ಹಾಕಿ. ಹುಡುಗನಿಗೆ ಮನಸ್ಸಿದೆ, ಎತ್ತರ 166 ಸೆಂಟಿಮೀಟರ್ ದಾಟಿದ್ದಾನೆ. ತಡೆದರೆ ಅವನು ಗಾರ್ಮೆಂಟ್ಸ್‌ಗೋ ಡೆಲಿವರಿಗೋ ಹೋಗುತ್ತಾನೆ, ಅಲ್ಲಿ ನಾಲ್ಕು ವರ್ಷ ದುಡಿದರೂ 11 ಲಕ್ಷ ಉಳಿಯುವುದಿಲ್ಲ. ಆದರೆ ಅದು ನಾಲ್ಕು ವರ್ಷದ ಕೆಲಸ ಅಂತ ಮನೆಯವರೆಲ್ಲ ಮನಸ್ಸಿಗೆ ತಂದುಕೊಂಡು ಹಾಕಿ. ಕಾಯಂ ಆದರೆ ದೇವರು ಕೊಟ್ಟದ್ದು. ಮೊನ್ನೆ ನೀವು ಮೇಸ್ತ್ರಿ ಹತ್ತಿರ ಮನೆ ಪಾಯದ ಮಾತಾಡಿದ್ದು ಅಕ್ಕ ಹೇಳಿದಳು. ಇನ್ನೂ ಅರ್ಜಿಯನ್ನೇ ಹಾಕದವನ ದುಡ್ಡಿನಲ್ಲಿ ಪಾಯ ತೆಗೆಯಬೇಡಿ. ಆ ದುಡ್ಡು ಅವನು ಮುಂದೆ ಓದುವುದಕ್ಕೋ, ಗಾಡಿ ಇಡುವುದಕ್ಕೋ, ಅವನದೇ. ಅಗ್ನಿವೀರ್ ಮುಗಿಸಿ ಬಂದವರಿಗೆ ಕೇಂದ್ರದ ಪೊಲೀಸ್ ಪಡೆಗಳಲ್ಲಿ ಶುರುವಿನಲ್ಲೇ 10% ಮೀಸಲು ಅಂದಿದ್ದಾರೆ. 2022ರ ಕೊನೆಗೆ, 2023ರ ಶುರುವಿಗೆ ಸೇರಿದ ಮೊದಲ ಬ್ಯಾಚಿಗೆ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಶುರುವಿನಲ್ಲಿ. ಅವರಿಗೆ ಸಿಕ್ಕಿದ್ದೇ ಇವನಿಗೂ ಸಿಗುವುದು.

ಅರ್ಜಿಯಲ್ಲಿ ಒಂದು ಹುಷಾರಿ. ಶಿರಾದಲ್ಲಿ ಪಿಯುಸಿ ಓದುತ್ತಿದ್ದಾನೆ ಅಂತ ತುಮಕೂರು ಜಿಲ್ಲೆ ಹಾಕಿಬಿಟ್ಟಾನು. ಆಧಾರ್ ನಮ್ಮೂರಿನದು, ನಾವು ಗುಂಟೂರಿನ ಸೇನಾ ಭರ್ತಿ ಆಫೀಸಿನ ಕೆಳಗೆ ಬರುತ್ತೇವೆ. ತೆಲುಗಿನಲ್ಲಿ ಪರೀಕ್ಷೆ ಬರೆಯಬೇಕಾ ಅಂತ ಅಕ್ಕ ಕೇಳಿದ್ದಳು. ಬೇಕಿಲ್ಲ, ಈಗ ಕನ್ನಡದಲ್ಲೂ ಬರೆಯಬಹುದು. ನಮ್ಮ ಕನ್ನಡ ಶಾಲೆ ಹುಡುಗರಿಗೆ ಇದೊಂದು ಒಳ್ಳೆಯದಾಯಿತು.

ಭಾನುವಾರ ಬೆಳಿಗ್ಗೆ ಐದಕ್ಕೆ ಅವನನ್ನು ಕೆರೆ ಏರಿಗೆ ಕಳಿಸಿ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಓಟಕ್ಕೆ ಪೂರ್ತಿ 60 ಮಾರ್ಕು, ಕಂಬಿ ಹಿಡಿದು ಹತ್ತು ಸಲ ಮೇಲೇರಿದರೆ 40. ಟೈಮ್ ನಾನೇ ನೋಡುತ್ತೇನೆ. ಓಡಿ ಬಂದು ಉಸಿರು ಸರಿಹೋದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ, ಮುಂಚೆ ಹೇಳಿಕೊಡಬೇಡಿ: 22ಕ್ಕೆ ವಾಪಸ್ ಬಂದರೆ ಏನೋ ಮಾಡ್ತೀಯಾ? ಅದಕ್ಕೆ ಅವನ ಹತ್ತಿರ ಏನಾದರೂ ಉತ್ತರ ಇದ್ದರೆ ಅವತ್ತೇ ಸಹಿ ಹಾಕಿಬಿಡಿ. ಇಲ್ಲದಿದ್ದರೆ ಇನ್ನೊಂದು ವಾರ ಓಡಲಿ.

ಅಕ್ಕಾ, ಅವನ ಹತ್ತಿರ ಶೂ ಇದೆಯಾ? ಚಪ್ಪಲಿಯಲ್ಲಿ ಕಳಿಸಬೇಡ. ಕರೆಂಟ್ ಬಂತು, ಮೋಟರ್ ಹಾಕಿ ಬರುತ್ತೇನೆ.