ಫೋನಿಗೆ ನೆಟ್ ಬರುತ್ತದೆ, ಕಂಪ್ಯೂಟರಿಗೆ ಮಾತ್ರ ಪಾಠದ ನಡುವೆ ಹೋಗಿಬಿಡುತ್ತದೆ

ಸಾಗರದ ಟೀಚರ್:

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಈ ಸಮಸ್ಯೆ ನನ್ನ ತಲೆ ತಿನ್ನುತ್ತಿದೆ. ಮನೆಯ ಡೆಸ್ಕ್‌ಟಾಪ್‌ನಲ್ಲಿ ಇಂಟರ್ನೆಟ್ ಚೆನ್ನಾಗಿ ಬರುತ್ತಿರುತ್ತದೆ, ಇದ್ದಕ್ಕಿದ್ದ ಹಾಗೆ ಹೋಗಿಬಿಡುತ್ತದೆ. ಒಮ್ಮೆ ಹತ್ತು ನಿಮಿಷ, ಇನ್ನೊಮ್ಮೆ ಅರ್ಧ ಗಂಟೆ. ಆಮೇಲೆ ತಾನಾಗಿಯೇ ಬರುತ್ತದೆ. ಅದೇ ಹೊತ್ತಿನಲ್ಲಿ ನನ್ನ ಫೋನಿನಲ್ಲಿ ಅದೇ ವೈಫೈ ಸರಿಯಾಗಿಯೇ ಇರುತ್ತದೆ.

ನಾನು ವಾರಕ್ಕೆ ನಾಲ್ಕು ಸಂಜೆ, ಏಳು ಗಂಟೆಗೆ, ದುಬೈನಲ್ಲಿರುವ ಮಕ್ಕಳಿಗೆ ವಿಡಿಯೋದಲ್ಲಿ ಕನ್ನಡ ಕಲಿಸುತ್ತೇನೆ. ಒತ್ತಕ್ಷರ ಬರೆದು ತೋರಿಸುವಾಗಲೇ ಚಿತ್ರ ನಿಂತುಹೋಗುತ್ತದೆ. ಮಕ್ಕಳು ಅರ್ಧ ಅಕ್ಷರ ನೋಡುತ್ತಾ ಕಾಯುತ್ತಾ ಕೂತಿರುತ್ತಾರೆ. ಅವರ ಅಮ್ಮಂದಿರು ಮೆಸೇಜ್ ಮಾಡಿದಾಗ ನಿಜವಾಗಿ ಬೇಜಾರಾಗುತ್ತದೆ.

ಫೈಬರ್ ಕನೆಕ್ಷನ್. ರೂಟರ್ ಹಾಲಿನಲ್ಲಿದೆ, ಕಂಪ್ಯೂಟರ್ ಒಳಗಿನ ಕೋಣೆಯಲ್ಲಿ, ನಡುವೆ ಒಂದು ಗೋಡೆ. ಕಂಪ್ಯೂಟರಿಗೆ ವೈಫೈ ಬರುವುದು ಹಿಂದೆ ಸಿಕ್ಕಿಸಿದ ಉಗುರಿನಷ್ಟು ದೊಡ್ಡ ಅಡಾಪ್ಟರ್‌ನಿಂದ. ವಿಂಡೋಸ್ 10. ಆಫ್ ಮಾಡಿ ಆನ್ ಮಾಡಿದ್ದಾಯಿತು. ಕಂಪನಿಯವರು ಎರಡು ಸಲ ಬಂದರು. ಒಮ್ಮೆ ತಂತಿಯ ತುದಿ ಬದಲಾಯಿಸಿದರು, ಇನ್ನೊಮ್ಮೆ ಬಾಕ್ಸನ್ನೇ ಬದಲಾಯಿಸಿದರು. ಏನೂ ಪ್ರಯೋಜನ ಆಗಲಿಲ್ಲ. ದಯವಿಟ್ಟು ದಾರಿ ತೋರಿಸಿ.

ಮಡಿಕೇರಿ ಮಳೆ:

ಟೀಚರ್, ಬಾಕ್ಸಿನ ಮೇಲೆ ಲಾಸ್ (LOS, ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಅನ್ನುವ ಸೂಚನೆ) ಅಂತ ಬರೆದ ದೀಪ ಕೆಂಪಾಗಿ ಮಿಣುಕುತ್ತದೆಯಾ ನೋಡಿ. ನಮ್ಮಲ್ಲಿ ಮಂಗಗಳು ಕೇಬಲ್ ಹಿಡಿದು ಜಗ್ಗಿ ಒಳಗಿನ ಗಾಜಿನ ಎಳೆ ಮುರಿದಿತ್ತು. ಆಗ ಆ ಕೆಂಪು ದೀಪ ಬಂತು. ಫೈಬರ್ ತುಂಬಾ ಬಾಗಿದರೂ ಬೆಳಕು ಸೋರಿಹೋಗುತ್ತದೆ. ಬಾಕ್ಸಿನ ಹಿಂದೆ ತಂತಿಯನ್ನು ಗಂಟು ಹಾಕಿದ ಹಾಗೆ ಸುತ್ತಿಟ್ಟಿದ್ದರೆ ಬಿಡಿಸಿ.

ಹುಬ್ಬಳ್ಳಿ ಹಾರ್ಡ್‌ವೇರ್:

ಫೋನಿಗೆ ನೆಟ್ ಬರುತ್ತಿದೆ ಅಂದಮೇಲೆ ಫೈಬರ್ ಸರಿ ಇದೆ. ಹೊರಗಿನ ಕೇಬಲ್ ಕಡಿದಿದ್ದರೆ ಎರಡಕ್ಕೂ ಹೋಗಬೇಕಿತ್ತು, ಅಲ್ವಾ?

ಮೇಡಂ, ಒಂದು ಕೆಲಸ ಮಾಡ್ರಿ. ನೆಟ್ ಹೋಯಿತು ಅಂದರೆ ಎಲ್ಲಿ ಹೋಯಿತು ಅನ್ನೋದು ಮೊದಲು ಗೊತ್ತಾಗಬೇಕು. ಕಂಪ್ಯೂಟರಿನಿಂದ ರೂಟರಿಗೆ ಒಂದು ಹೆಜ್ಜೆ. ರೂಟರಿನಿಂದ ಕಂಪನಿಗೆ ಇನ್ನೊಂದು. ಅಲ್ಲಿಂದ ಹೊರಗಿನ ಜಗತ್ತು. ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಟೈಪ್ ಮಾಡಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಪಿಂಗ್ ಅಂತ ಬರೆದು, ಜಾಗ ಬಿಟ್ಟು 192.168.1.1, ಮತ್ತೆ ಜಾಗ ಬಿಟ್ಟು ಹೈಫನ್ ಮತ್ತು ಟಿ ಅಕ್ಷರ ಹಾಕಿ ಎಂಟರ್ ಒತ್ತಿ. ಆ ಸಂಖ್ಯೆ ರೂಟರಿನ ವಿಳಾಸ. ಕೆಲವು ಕಡೆ ಬೇರೆ ಇರುತ್ತದೆ, ರೂಟರಿನ ಕೆಳಗಿನ ಚೀಟಿಯಲ್ಲಿ ನೋಡಿಕೊಳ್ಳಿ. ಇದು ರೂಟರನ್ನು "ಇದ್ದೀಯಾ?" ಅಂತ ಸೆಕೆಂಡಿಗೊಮ್ಮೆ ಕೇಳುತ್ತಾ ಇರುತ್ತದೆ. ಇನ್ನೊಂದು ಕಿಟಕಿಯಲ್ಲಿ ಹೀಗೇ 8.8.8.8 ಹಾಕಿ, ಅದು ಹೊರಗಿನ ಜಗತ್ತಿಗೆ. ಎರಡನ್ನೂ ಓಡಲು ಬಿಟ್ಟು ಪಾಠ ಮಾಡಿ. ನೆಟ್ ಹೋದ ಕೂಡಲೇ ಎರಡರಲ್ಲೂ ಏನು ಬರುತ್ತಿದೆ ನೋಡಿ ಬರೆದುಕೊಳ್ಳಿ.

ಸಾಗರದ ಟೀಚರ್:

ಮಾಡಿದೆ ಸರ್. ಕೆಂಪು ದೀಪ ಬಂದೇ ಇಲ್ಲ. ಚೆನ್ನಾಗಿರುವಾಗ ರೂಟರಿನ ಉತ್ತರ 2 ಎಂಎಸ್, 3 ಎಂಎಸ್ (ಮಿಲಿಸೆಕೆಂಡ್) ಅಂತ ಬರುತ್ತಿತ್ತು. 7 ಗಂಟೆ 10 ನಿಮಿಷಕ್ಕೆ 300 ಆಯಿತು, 900 ಆಯಿತು, ಆಮೇಲೆ ರಿಕ್ವೆಸ್ಟ್ ಟೈಮ್ಡ್ ಔಟ್, ಅಂದರೆ ಉತ್ತರವೇ ಬರಲಿಲ್ಲ, ಅಂತ ಸಾಲು ಸಾಲಾಗಿ ಬಂತು. ಇನ್ನೊಂದು ಕಿಟಕಿಯಲ್ಲೂ ಅದೇ. 7 ಗಂಟೆ 35ಕ್ಕೆ ಎರಡೂ ಮತ್ತೆ ಸರಿಯಾದವು. ವೈಫೈ ಹೆಸರು ಮಾತ್ರ ಪೂರ್ತಿ ಹೊತ್ತು ಕನೆಕ್ಟೆಡ್ ಅಂತಲೇ ತೋರಿಸುತ್ತಿತ್ತು.

ಬೆಂಗಳೂರು ಪಿಸಿ:

ಡಿಎನ್‌ಎಸ್ ಬದಲಾಯಿಸಿ ನೋಡಿ ಮೇಡಂ. 1.1.1.1 ಹಾಕಿ. ನನಗೆ ಹೀಗೇ ಆಗುತ್ತಿತ್ತು, ಅದರಿಂದ ಸರಿಹೋಯಿತು.

ಹುಬ್ಬಳ್ಳಿ ಹಾರ್ಡ್‌ವೇರ್:

ಇಲ್ಲಿ ಡಿಎನ್‌ಎಸ್ ಮುಟ್ಟುವುದು ಬೇಡ. ಡಿಎನ್‌ಎಸ್ ಮಾಡುವುದು ವೆಬ್‌ಸೈಟಿನ ಹೆಸರನ್ನು ಸಂಖ್ಯೆಗೆ ಬದಲಾಯಿಸುವ ಕೆಲಸ. ನಾವು ಪಿಂಗ್‌ನಲ್ಲಿ ನೇರವಾಗಿ ಸಂಖ್ಯೆಯನ್ನೇ ಕೊಟ್ಟಿದ್ದೇವೆ. ಅದೂ ಪಕ್ಕದ ಹಾಲಿನಲ್ಲಿರುವ ರೂಟರಿಗೆ. ಅಲ್ಲಿಗೇ ಮಾತು ತಲುಪುತ್ತಿಲ್ಲ. ಸುಮ್ನೆ ಎಲ್ಲ ಸೆಟ್ಟಿಂಗ್ ಬದಲಾಯಿಸಿದರೆ ಕೊನೆಗೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಮೇಡಂ, ತೊಂದರೆ ಇರುವುದು ನಿಮ್ಮ ಕಂಪ್ಯೂಟರಿಗೂ ರೂಟರಿಗೂ ನಡುವೆ. ಇನ್ನು ಕಂಪನಿಯವರನ್ನು ಕರೆಯಬೇಡಿ. ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಅಡಾಪ್ಟರಿನ ಪ್ರಾಪರ್ಟೀಸ್‌ಗೆ ಹೋಗಿ. ಪವರ್ ಮ್ಯಾನೇಜ್‌ಮೆಂಟ್ ಅನ್ನೋ ಪುಟ ಇದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಅರ್ಥದ ಟಿಕ್ ತೆಗೆಯಿರಿ. ಡ್ರೈವರ್, ಅಂದರೆ ಅಡಾಪ್ಟರನ್ನು ನಡೆಸುವ ಸಾಫ್ಟ್‌ವೇರ್, ಅದನ್ನೂ ಅಪ್‌ಡೇಟ್ ಮಾಡಿ. ಒಂದು ದಿನ ಒಂದೇ ಬದಲಾವಣೆ.

ಸಾಗರದ ಟೀಚರ್:

ಸೋಮವಾರ ಟಿಕ್ ತೆಗೆದೆ. ಮಂಗಳವಾರ ಡ್ರೈವರ್ ಹಾಕಿದೆ. ಎರಡು ದಿನವೂ ಪಾಠ ಕಟ್ ಆಯಿತು. ಕಂಪ್ಯೂಟರೇ ಹಳೆಯದಾಯಿತೋ ಏನೋ ಸರ್. ಆ ಹೊತ್ತಿಗೆ ಮೌಸ್ ಕೂಡ ತಡವರಿಸುತ್ತದೆ. ಕೈ ಎಳೆದರೆ ಬಾಣ ಒಂದು ಕ್ಷಣ ನಿಂತು, ಆಮೇಲೆ ದೂರಕ್ಕೆ ಹಾರುತ್ತದೆ.

ಉಡುಪಿ ರೇಡಿಯೋ:

ಟೀಚರ್, ಇಷ್ಟು ದಿನ ಓದುತ್ತಾ ಸುಮ್ಮನಿದ್ದೆ, ಈಗ ಕೇಳಲೇಬೇಕು. ನಿಮ್ಮ ಮೌಸಿಗೆ ವೈರ್ ಇದೆಯಾ, ಇಲ್ಲವಾ? ಕಂಪ್ಯೂಟರಿನ ಹಿಂದೆ ಯುಎಸ್‌ಬಿಗೆ ಏನೇನು ಸಿಕ್ಕಿಸಿದ್ದೀರಿ, ಯಾವುದರ ಪಕ್ಕ ಯಾವುದಿದೆ, ಹಾಗೇ ಬರೆಯಿರಿ. ಒಂದು ತಿಂಗಳ ಹಿಂದೆ ಹೊಸದಾಗಿ ಏನಾದರೂ ಬಂತಾ? ನೆಟ್ ಹೋಗುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಪಾಠ ಬಿಟ್ಟು ಬೇರೆ ಏನು ನಡೆಯುತ್ತಿರುತ್ತದೆ?

ಸಾಗರದ ಟೀಚರ್:

ಮೌಸಿಗೆ ವೈರ್ ಇಲ್ಲ. ಅದರ ಪುಟ್ಟ ರಿಸೀವರ್ ಹಿಂದೆಯೇ ಇದೆ. ಟಾರ್ಚ್ ಹಿಡಿದು ನೋಡಿದೆ. ಹಿಂದೆ ಎರಡು ನೀಲಿ ಪೋರ್ಟ್ ಒಂದರ ಮೇಲೊಂದು ಇವೆ. ಮೇಲಿನದರಲ್ಲಿ ವೈಫೈ ಅಡಾಪ್ಟರ್. ಕೆಳಗಿನದರಲ್ಲಿ ಹಾರ್ಡ್ ಡಿಸ್ಕ್. ಎರಡಕ್ಕೂ ನಡುವೆ ಒಂದು ಬೆರಳಿನಷ್ಟೂ ಜಾಗ ಇಲ್ಲ. ಪಕ್ಕದ ಕಪ್ಪು ಪೋರ್ಟಿನಲ್ಲಿ ಮೌಸಿನ ರಿಸೀವರ್.

ಹಾರ್ಡ್ ಡಿಸ್ಕ್ ಹೊಸದು. ಮಗ ಕಳೆದ ತಿಂಗಳು ತಂದುಕೊಟ್ಟ. ನಮ್ಮ ಅಜ್ಜ ಯಕ್ಷಗಾನದ ಭಾಗವತರು. ಅವರ ಕೈಬರಹದ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಡುತ್ತಿದ್ದೇನೆ. ಒಂದು ಪುಟಕ್ಕೆ 26 ಎಂಬಿ ಆಗುತ್ತದೆ. ಹಾಳೆ ಮುಟ್ಟಿದರೆ ಪುಡಿಯಾಗುವ ಹಾಗಿದೆ, ಎರಡನೇ ಸಲ ಸ್ಕ್ಯಾನ್ ಮಾಡಲು ಆಗುವುದಿಲ್ಲ. ಹಾಗಾಗಿ ದಿನಾ ಬ್ಯಾಕಪ್ ಮಾಡುತ್ತೇನೆ. ಪಾಠ ಶುರುವಾಗಿ ಮಕ್ಕಳು ಎಲ್ಲರೂ ಬಂದ ಮೇಲೆ ಅದನ್ನು ಓಡಲು ಹಾಕುತ್ತೇನೆ. ಹತ್ತು ನಿಮಿಷ ಹಿಡಿಯುತ್ತದೆ, ಹೊಸ ಪುಟ ಜಾಸ್ತಿ ಇದ್ದರೆ ಅರ್ಧ ಗಂಟೆ. ಬರೆಯುತ್ತಿರುವಾಗಲೇ ನನಗೂ ಅನುಮಾನ ಬರುತ್ತಿದೆ. ಆದರೆ ಹಾರ್ಡ್ ಡಿಸ್ಕಿಗೂ ಇಂಟರ್ನೆಟ್‌ಗೂ ಏನು ಸಂಬಂಧ?

ಉಡುಪಿ ರೇಡಿಯೋ:

ಸಂಬಂಧ ಇದೆ ಟೀಚರ್, ನಾನು ರೇಡಿಯೋ ಹವ್ಯಾಸದವನು, ಈ ಗಲಾಟೆ ನನಗೆ ಗುರುತು.

ನಿಮ್ಮ ನೀಲಿ ಪೋರ್ಟ್ ಯುಎಸ್‌ಬಿ 3.0. ಅದರಲ್ಲಿ ಸೆಕೆಂಡಿಗೆ 500 ಕೋಟಿ ಬಿಟ್ ಓಡುತ್ತವೆ. ಒಂದು, ಸೊನ್ನೆ, ಒಂದು, ಸೊನ್ನೆ ಅಂತ ಬದಲಾದರೆ ಎರಡು ಬಿಟ್ ಸೇರಿ ಒಂದು ಅಲೆ. ಅಂದರೆ ಸೆಕೆಂಡಿಗೆ 250 ಕೋಟಿ ಅಲೆ, 2.5 ಗಿಗಾಹರ್ಟ್ಸ್. ಇದು ರೇಡಿಯೋ ಸದ್ದಾಗಿ ಹೊರಗೆ ಸೋರುತ್ತದೆ, ಒಂದೇ ಜಾಗದಲ್ಲಿ ನಿಲ್ಲದೆ ಅತ್ತ ಇತ್ತ ಅಗಲವಾಗಿ ಹರಡುತ್ತದೆ. ನಿಮ್ಮ ವೈಫೈ ಅಡಾಪ್ಟರ್ ಮಾತಾಡುವುದು 2.4ರಿಂದ 2.4835 ಗಿಗಾಹರ್ಟ್ಸ್ ಒಳಗೆ. ವೈರ್ ಇಲ್ಲದ ಮೌಸ್ ಕೂಡ ಅಲ್ಲೇ. ಮೌಸ್ ತಡವರಿಸುತ್ತದೆ ಅಂದಾಗಲೇ ನನಗೆ ಹೊಳೆದದ್ದು ಅದಕ್ಕೆ. ಮೌಸಿಗೂ ನಿಮ್ಮ ರೂಟರಿಗೂ ಯಾವ ನಂಟೂ ಇಲ್ಲ. ಎರಡೂ ಒಟ್ಟಿಗೆ ಕೆಡುತ್ತವೆ ಅಂದರೆ ಗಾಳಿಯಲ್ಲೇ ಏನೋ ಅಡ್ಡ ಬರುತ್ತಿದೆ.

ಇದು ನನ್ನ ಊಹೆ ಅಲ್ಲ. ಇಂಟೆಲ್‌ನವರು 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದ್ದಾರೆ. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಹತ್ತಿರ ಇದ್ದರೆ ಈ ಅಲೆಗಳ ಜಾಗದಲ್ಲಿ ಗದ್ದಲ 20 ಡೆಸಿಬೆಲ್‌ವರೆಗೂ ಏರುತ್ತದೆ. 20 ಡೆಸಿಬೆಲ್ ಅಂದರೆ ನೂರು ಪಟ್ಟು. ಗೋಡೆ ದಾಟಿ ಬರುವ ರೂಟರಿನ ದನಿ ಮೊದಲೇ ಸಣ್ಣದು. ಜಾತ್ರೆಯಲ್ಲಿ ಡೋಲಿನ ಪಕ್ಕ ನಿಂತು ಆಚೆ ಬೀದಿಯಿಂದ ಕೂಗಿದವರ ಮಾತು ಕೇಳಿಸಿಕೊಂಡ ಹಾಗೆ. ಫೋನ್ ಡೋಲಿನಿಂದ ದೂರ ಇದೆ, ಅದಕ್ಕೆ ಏನೂ ಆಗುವುದಿಲ್ಲ.

ನಂಬುವ ಮೊದಲು ಪರೀಕ್ಷೆ ಮಾಡಿ. ಪಾಠ ಇಲ್ಲದ ಹೊತ್ತಿನಲ್ಲಿ ಪಿಂಗ್ ಓಡಲು ಬಿಟ್ಟು ಬ್ಯಾಕಪ್ ಶುರು ಮಾಡಿ. ಕೆಟ್ಟ ಮೇಲೆ ಬ್ಯಾಕಪ್ ನಿಲ್ಲಿಸಿ, ಸೇಫ್ಲಿ ರಿಮೂವ್ ಕೊಟ್ಟು, ಹಾರ್ಡ್ ಡಿಸ್ಕ್ ಕಿತ್ತು ನೋಡಿ. ಪುಸ್ತಕಗಳ ಪ್ರತಿ ಅದರಲ್ಲಿದೆ, ಸೇಫ್ಲಿ ರಿಮೂವ್ ಕೊಡದೆ ಮಾತ್ರ ಎಳೆಯಬೇಡಿ.

ಸಾಗರದ ಟೀಚರ್:

ಈಗಷ್ಟೇ ಮಾಡಿದೆ. ಬ್ಯಾಕಪ್ ಶುರುವಾಗಿ ಒಂದು ನಿಮಿಷದೊಳಗೆ 2 ಇದ್ದದ್ದು 400, 1100, ಆಮೇಲೆ ಟೈಮ್ಡ್ ಔಟ್. ಮೌಸೂ ತಡವರಿಸಿತು. ನಿಲ್ಲಿಸಿ ಹಾರ್ಡ್ ಡಿಸ್ಕ್ ಕಿತ್ತೆ. ಮುಂದಿನ ಸಾಲೇ 3 ಎಂಎಸ್! ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಕಣ್ಣಲ್ಲಿ ನೀರು ಬಂತು ಸರ್. ಒಂದು ತಿಂಗಳು ಆ ಕಂಪನಿಯ ಹುಡುಗರನ್ನು ಬಿಸಿಲಲ್ಲಿ ಓಡಾಡಿಸಿದೆ.

ಉಡುಪಿ ರೇಡಿಯೋ:

ಸಿಕ್ಕಿತು ಹಾಗಾದರೆ. ಈಗ ಎರಡರಲ್ಲಿ ಒಂದು ಮಾಡಿ. ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು, ವೈಫೈ ಅಡಾಪ್ಟರನ್ನು ಮೇಜಿನ ಮೇಲೆ, ಹಾರ್ಡ್ ಡಿಸ್ಕಿನಿಂದ ದೂರ ಇಡಿ. ಮೌಸಿನ ರಿಸೀವರನ್ನು ಕಂಪ್ಯೂಟರಿನ ಮುಂಭಾಗದ ಪೋರ್ಟಿಗೆ ಹಾಕಿ. ಇಲ್ಲದಿದ್ದರೆ ಹಾರ್ಡ್ ಡಿಸ್ಕನ್ನೇ ಕಪ್ಪು ಪೋರ್ಟಿಗೆ ಬದಲಾಯಿಸಿ. ಕಪ್ಪು ಸಾಮಾನ್ಯವಾಗಿ ಯುಎಸ್‌ಬಿ 2.0, ಅದರ ವೇಗ 480 ಮೆಗಾಬಿಟ್, ಈ ಗದ್ದಲ ಇರುವುದಿಲ್ಲ. ಆದರೆ ಬ್ಯಾಕಪ್ ನಿಧಾನ ಆಗುತ್ತದೆ. 5 ಗಿಗಾಹರ್ಟ್ಸ್ ಹಿಡಿಯುವ ಅಡಾಪ್ಟರ್ ತಂದರೂ ಆಗುತ್ತದೆ, ರೂಟರಿನಲ್ಲೂ ಅದು ಇರಬೇಕು. ಮೌಸಿನ ತೊಂದರೆ ಮಾತ್ರ ಆಗಲೂ ಉಳಿಯುತ್ತದೆ.

ಹುಬ್ಬಳ್ಳಿ ಹಾರ್ಡ್‌ವೇರ್:

ಭಾಳ ಚಲೋ ಹಿಡಿದ್ರಿ ಸರ್. ನಾನು ಕಂಪ್ಯೂಟರಿನ ಒಳಗೇ ಹುಡುಕುತ್ತಿದ್ದೆ. ಮೇಡಂ, ಮೌಸಿನ ಮಾತು ನೀವು ಬರೆದದ್ದು ದೊಡ್ಡ ಉಪಕಾರ ಆಯಿತು.

ನನ್ನದೊಂದು ಸಲಹೆ. ನೀವು ಕಲಿಸುವವರು, ಕನೆಕ್ಷನ್ ಗಟ್ಟಿ ಇರಬೇಕು. ಹಾಲಿನಿಂದ ಕೋಣೆಗೆ ಲ್ಯಾನ್ ಕೇಬಲ್, ಅಂದರೆ ರೂಟರಿನಿಂದ ಕಂಪ್ಯೂಟರಿಗೆ ನೇರ ತಂತಿ, ಎಳೆಸಿ. 100 ಮೀಟರ್‌ವರೆಗೂ ನಡೆಯುತ್ತದೆ, ನಿಮಗೆ 15 ಮೀಟರ್ ಸಾಕು. ಕ್ಯಾಟ್ 6 ಅನ್ನೋ ದರ್ಜೆಯ ಕೇಬಲ್ ಕೇಳಿ, ಪೂರ್ತಿ ತಾಮ್ರದ್ದೇ ಕೊಡಿ ಅನ್ನಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ, ಬಾಗಿಸಿದರೆ ಬೇಗ ಮುರಿಯುತ್ತದೆ.

ಸಾಗರದ ಟೀಚರ್:

ಎಕ್ಸ್‌ಟೆನ್ಷನ್ ಕೇಬಲ್ ಇಂದು ಬೆಳಿಗ್ಗೆ ಪೇಟೆಯಲ್ಲೇ ಸಿಕ್ಕಿತು. ಅಡಾಪ್ಟರ್ ಈಗ ಕಿಟಕಿಯ ಪಕ್ಕ, ನಿಘಂಟಿನ ಮೇಲೆ ಕೂತಿದೆ. ಬೇಕೆಂದೇ ಪಾಠದ ಹೊತ್ತಿಗೆ ಬ್ಯಾಕಪ್ ಹಾಕಿದೆ. ಪಿಂಗ್ 5 ದಾಟಲಿಲ್ಲ. ಮುಕ್ಕಾಲು ಗಂಟೆ ಪಾಠ ಒಂದೇ ಸಲಕ್ಕೆ ಮುಗಿಯಿತು, "ಕ್ಷ" ಮತ್ತು "ಜ್ಞ" ಎರಡನ್ನೂ ಮಕ್ಕಳು ಬರೆದು ತೋರಿಸಿದರು. ಲ್ಯಾನ್ ಕೇಬಲ್ ಎಳೆಯಲು ಭಾನುವಾರ ಎಲೆಕ್ಟ್ರಿಷಿಯನ್ ಬರುತ್ತಾರೆ. ಕಂಪನಿಯ ಹುಡುಗನಿಗೂ ಫೋನ್ ಮಾಡಿ ವಿಷಯ ಹೇಳಿದೆ. ಪಕ್ಕದ ಬೀದಿಯ ಇನ್ನೊಂದು ಮನೆಯಲ್ಲೂ ಹೀಗೇ ದೂರು ಇದೆಯಂತೆ, ಅಲ್ಲಿ ಹಿಂದಿನ ಪೋರ್ಟ್ ನೋಡುತ್ತೇನೆ ಅಂದ.