ಸಹಾಯ ಬೇಕು: ಆರ್ಕಿಯಾವನ್ನು ಎಲ್ಲಿ ತೋರಿಸುವುದು?

ಎಲ್ಲರಿಗೂ ನಮಸ್ಕಾರ. ಉಡುಪಿ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನಾನು, ವಿಜ್ಞಾನ ಪ್ರದರ್ಶನಕ್ಕಾಗಿ ಮಕ್ಕಳಿಂದ ಜೀವಿಗಳ ವರ್ಗೀಕರಣದ ಚಾರ್ಟ್ ಮಾಡಿಸುತ್ತಿದ್ದೇನೆ. 1969ರ ವಿಟೇಕರ್ ಪದ್ಧತಿಯಂತೆ ಐದು ಸಾಮ್ರಾಜ್ಯಗಳನ್ನು ಬರೆಸಿ, ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳನ್ನು ಬ್ಯಾಕ್ಟೀರಿಯಾಗಳ ಜೊತೆ ಕೋಶಕೇಂದ್ರವಿಲ್ಲದ ಜೀವಿಗಳ ಸಾಮ್ರಾಜ್ಯವಾದ ಮೊನೆರಾದಲ್ಲಿ ಸೇರಿಸಿದ್ದೇವೆ. ಆದರೆ ರೈಬೋಸೋಮಿನ ಆರ್‌ಎನ್‌ಎ ಹೋಲಿಕೆಯನ್ನು ಆಧರಿಸಿ ಕಾರ್ಲ್ ವೋಸ್ ಮತ್ತು ಸಂಗಡಿಗರು 1990ರಲ್ಲಿ ಮಂಡಿಸಿದ, ಸಾಮ್ರಾಜ್ಯಗಳಿಗಿಂತ ಮೇಲಿನ ಹಂತದ ಮೂರು ಡೊಮೈನ್‌ಗಳ ಪದ್ಧತಿಯಲ್ಲಿ ಇವು ಆರ್ಕಿಯಾ ಎಂಬ ಬೇರೆಯೇ ಗುಂಪಿನವು; ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿರುವ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತು ಕೂಡ ಇವುಗಳ ಕೋಶಭಿತ್ತಿಯಲ್ಲಿ ಇಲ್ಲ. ಕೋಶಕೇಂದ್ರವಿಲ್ಲವೆಂಬ ಕಾರಣಕ್ಕೆ ಮಾತ್ರ ಎರಡನ್ನೂ ಒಟ್ಟಿಗಿಡುವುದು ನನಗಂತೂ ಸಮಂಜಸವೆನಿಸುವುದಿಲ್ಲ. ಎರಡೂ ಪದ್ಧತಿಗಳನ್ನು ಒಂದೇ ಚಾರ್ಟಿನಲ್ಲಿ ಹೊಂದಿಸಲು ನೋಡಿದೆವು. ಉಳಿದ ನಾಲ್ಕು ಸಾಮ್ರಾಜ್ಯಗಳು ಕೋಶಕೇಂದ್ರವಿರುವ ಜೀವಿಗಳ ಡೊಮೈನ್ ಆದ ಯೂಕಾರ್ಯದೊಳಗೆ ಸುಲಭವಾಗಿ ಕೂರುತ್ತವೆ, ಮೊನೆರಾ ಮಾತ್ರ ಇಬ್ಭಾಗವಾಗುತ್ತದೆ. ಹೀಗಿರುವಾಗ ಮೊನೆರಾ ಎಂಬ ಹೆಸರನ್ನು ಉಳಿಸಿಕೊಂಡು ಅದರಡಿ ಎರಡು ಕವಲು ತೋರಿಸಬಹುದೇ, ಅಥವಾ ಎರಡು ಪ್ರತ್ಯೇಕ ಚಾರ್ಟ್‌ಗಳನ್ನೇ ಮಾಡಿಸಬೇಕೇ? ತಿಳಿದವರು ದಯವಿಟ್ಟು ಕಾರಣಸಹಿತ ತಿಳಿಸಿ.