ಲಿನಕ್ಸ್ ಮಿಂಟ್ ಹಾಕಲು ಕೂತರೆ ಹಾರ್ಡ್ ಡಿಸ್ಕೇ ಕಾಣ್ತಿಲ್ಲ, ಯಾರಾದರೂ ಮಾಡಿದ್ದೀರಾ?

ಪ್ರಶ್ನೆ, ಬಸವೇಶ್ವರನಗರದಿಂದ:

ಮನೆಯಲ್ಲಿ 2017ರ ಲ್ಯಾಪ್‌ಟಾಪ್ ಇದೆ. ಐ3, ಏಳನೇ ಜನರೇಷನ್, 8 ಜಿಬಿ ರ‍್ಯಾಮ್. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಪ್ರೊಸೆಸರ್ ಹಳೆಯದು ಅಂತ ಒಪ್ಪುತ್ತಿಲ್ಲ. ಮೆಷಿನ್ ಚೆನ್ನಾಗಿಯೇ ಇದೆ, ಎಸೆಯಲು ಮನಸ್ಸಿಲ್ಲ. ಅದಕ್ಕೇ ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ 22 ಇಳಿಸಿಕೊಂಡು, ರೂಫಸ್ ಅನ್ನುವ ತಂತ್ರಾಂಶದಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿದೆ. ಪೆನ್‌ಡ್ರೈವ್‌ನಿಂದ ಸಲೀಸಾಗಿ ಶುರುವಾಗುತ್ತದೆ. ಇನ್‌ಸ್ಟಾಲ್ ಒತ್ತಿದರೆ ಮಾತ್ರ ‘ಆರ್‌ಎಸ್‌ಟಿ ಆಫ್ ಮಾಡಿ’ ಅಂತ ಬಂದು ನಿಂತುಬಿಡುತ್ತದೆ, ಡಿಸ್ಕ್ ಕಾಣುವುದೇ ಇಲ್ಲ. ವೈಫೈ ಕೂಡ ಇಲ್ಲ. ವಿಂಡೋಸ್ ಅಳಿಸುವ ಹಾಗಿಲ್ಲ, ಅಪ್ಪ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲೆಲ್ಲ ಅದರಲ್ಲೇ ಇವೆ. ಹತ್ತಿರದ ಅಂಗಡಿಯವನು ‘ಫಾರ್ಮ್ಯಾಟ್ ಹೊಡೆದುಬಿಡೋಣ ಸರ್’ ಅಂತಾನೆ. ಅವನ ಹತ್ತಿರ ಎಲ್ಲ ಕಾಯಿಲೆಗೂ ಅದೊಂದೇ ಮಾತ್ರೆ.

ಜಯನಗರದಿಂದ:

ಡಿಸ್ಕ್ ಎಲ್ಲೂ ಹೋಗಿಲ್ಲ ಸರ್, ಗಾಬರಿ ಬೇಡ. ಆರ್‌ಎಸ್‌ಟಿ ಅನ್ನುವುದು ಇಂಟೆಲ್‌ನ ಸ್ಟೋರೇಜ್ ವ್ಯವಸ್ಥೆ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಬರುವ ಮೆಷಿನ್‌ನ ಮೂಲ ಸೆಟ್ಟಿಂಗ್) ಡಿಸ್ಕ್‌ಗೆ ಸಂಬಂಧಿಸಿದ ಸಾಟಾ ಮೋಡ್ ‘ರೇಡ್’ ಅಥವಾ ‘ಆರ್‌ಎಸ್‌ಟಿ’ ಅಂತಿದ್ದರೆ ಡಿಸ್ಕ್ ಅದರ ಮರೆಯಲ್ಲಿ ಕೂತಿರುತ್ತದೆ. ಅದನ್ನು ‘ಎಎಚ್‌ಸಿಐ’ ಅನ್ನುವ ಸಾಮಾನ್ಯ ಮೋಡ್‌ಗೆ ಮಾಡಿದರೆ ಮಿಂಟ್‌ಗೆ ಕಾಣುತ್ತದೆ.

ಆದರೆ ಸೀದಾ ಹೋಗಿ ಬದಲಾಯಿಸಬೇಡಿ! ನಾನು ಹಾಗೇ ಮಾಡಿದೆ. ಮಿಂಟ್‌ಗೇನೋ ಡಿಸ್ಕ್ ಕಂಡಿತು, ವಿಂಡೋಸ್ ಮಾತ್ರ ನೀಲಿ ಪರದೆ ತೋರಿಸುವುದು, ತಾನೇ ರೀಸ್ಟಾರ್ಟ್ ಆಗುವುದು, ಮತ್ತೆ ನೀಲಿ ಪರದೆ, ರಾತ್ರಿ ಹನ್ನೊಂದರವರೆಗೂ ಇದೇ ಆಟ. ಮನೆಯವಳ ಆಫೀಸ್ ಫೈಲು ಅದರಲ್ಲೇ ಇತ್ತು. ಅವತ್ತು ಊಟಕ್ಕೆ ಯಾರೂ ಕರೆಯಲಿಲ್ಲ. ವಾಪಸ್ ರೇಡ್‌ಗೆ ಹಾಕಿದ ಮೇಲೆ ಎದ್ದುಕೊಂಡಿತು, ಡೇಟಾಗೆ ಏನೂ ಆಗಿರಲಿಲ್ಲ.

ಸರಿಯಾದ ದಾರಿ ಹೀಗೆ. ಮೊದಲು ಅಪ್ಪನ ಫೈಲುಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಇದಿಲ್ಲದೆ ಮುಂದೆ ಹೋಗಲೇಬೇಡಿ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ (ಡಿಸ್ಕ್‌ಗೆ ಹಾಕುವ ಗುಪ್ತ ಬೀಗ) ಆನ್ ಇದೆಯಾ ನೋಡಿ. ಇದ್ದರೆ ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೂ ಕಾಯಿರಿ. ಆಫ್ ಮಾಡದೆ ಬಯೋಸ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತಾ ಕೂರಬಹುದು. ಇಷ್ಟಾದ ಮೇಲೆ ರನ್ ಬಾಕ್ಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆಗೆದು, ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’ ಟಿಕ್ ಮಾಡಿ ರೀಸ್ಟಾರ್ಟ್ ಕೊಡಿ, ಆನ್ ಆಗುತ್ತಿದ್ದ ಹಾಗೇ ಎಫ್2 ಒತ್ತಿ (ಕೆಲವದರಲ್ಲಿ ಎಫ್10) ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ ಸೇವ್ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ, ಹೊಸ ಡ್ರೈವರ್ ತಾನೇ ಹಾಕಿಕೊಳ್ಳುತ್ತದೆ. ಅಲ್ಲಿ ಟಿಕ್ ತೆಗೆದು ಇನ್ನೊಮ್ಮೆ ರೀಸ್ಟಾರ್ಟ್. ಒಂದು ವಿಷಯ, ನನ್ನದು ಸೇಫ್ ಮೋಡ್‌ನಲ್ಲಿ ಪಿನ್ ತೆಗೆದುಕೊಳ್ಳಲೇ ಇಲ್ಲ, ಪಾಸ್‌ವರ್ಡೇ ಬೇಕಾಯಿತು. ಅದು ನೆನಪಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ 50 ಜಿಬಿ ಖಾಲಿ ಬಿಡಿ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅದರ ಡ್ರೈವ್‌ಗೆ ಮಿಂಟ್‌ನಿಂದ ಬರೆಯಲು ಬಿಡುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ‘ವಿಂಡೋಸ್ ಜೊತೆಗೆ’ ಅನ್ನುವುದನ್ನು ಆರಿಸಿ. ‘ಎರೇಸ್ ಡಿಸ್ಕ್’ ಕಡೆ ಮೌಸ್ ಕೂಡ ಒಯ್ಯಬೇಡಿ.

ಮಲ್ಲೇಶ್ವರದಿಂದ:

ಇಷ್ಟೆಲ್ಲ ತಲೆನೋವು ಯಾಕೆ? ಕಂಪ್ಯೂಟರ್ ಅಂಗಡಿಗಳಿರುವ ಎಸ್‌.ಪಿ. ರೋಡ್‌ಗೆ ಹೋಗಿ ಒಂದು ಸಾಟಾ ಎಸ್‌ಎಸ್‌ಡಿ ತಂದು, ಹಳೇ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಟ್ಟು, ಹೊಸದಕ್ಕೆ ಮಿಂಟ್ ಹಾಕಿ. ಆಗಲೂ ಎಎಚ್‌ಸಿಐ ಮಾಡಬೇಕು, ಆದರೆ ವಿಂಡೋಸ್ ಭಯ ಇಲ್ಲ. ನಾನು ಮಾಡಿದ್ದು ಇದನ್ನೇ. ಭಾನುವಾರ ಹೋಗಬೇಡಿ, ಬಹಳ ಅಂಗಡಿ ಮುಚ್ಚಿರುತ್ತವೆ.

ಯಲಹಂಕದಿಂದ:

ವೈಫೈಗೆ ನನ್ನ ಉತ್ತರ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ, ನೆಟ್ ಬರುತ್ತದೆ. ಬ್ರಾಡ್‌ಕಾಮ್ ಚಿಪ್ ಆಗಿದ್ದರೆ ಡ್ರೈವರ್ ಮ್ಯಾನೇಜರ್‌ನಲ್ಲಿ ಸಿಗುತ್ತದೆ. ಸೆಕ್ಯೂರ್ ಬೂಟ್ (ಗುರುತಿಲ್ಲದ ಡ್ರೈವರ್ ತಡೆಯುವ ಬಯೋಸ್ ಕಾವಲು) ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಿ ಅನ್ನುತ್ತದೆ. ಮುಂದಿನ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆ ಬರುತ್ತದೆ. ಇದು ಜಯನಗರದವರು ಹೇಳಿದ ನೀಲಿ ಅಲ್ಲ, ಹೆದರಬೇಡಿ. ಅದರಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಹೊಡೆಯಬೇಕು. ಸುಮ್ನೆ ಎಂಟರ್ ಒತ್ತಿ ಮುಂದೆ ಹೋದಿರೋ, ಡ್ರೈವರ್ ಇದ್ದೂ ವೈಫೈ ಬರುವುದಿಲ್ಲ. ನಾನು ಮೂರು ಸಲ ಒತ್ತಿದ್ದೇನೆ.

ಹನುಮಂತನಗರದಿಂದ:

ಅಪ್ಪನ ಫೈಲುಗಳನ್ನು ಮಿಂಟ್‌ನಲ್ಲಿ ಓದುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಹಳೇ ನುಡಿ ಫೈಲು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ ಸರ್. ಮಿಂಟ್‌ನ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಫೈಲ್ ಕೆಟ್ಟಿತು ಅಂದುಕೊಳ್ಳಬೇಡಿ, ಫಾಂಟ್ ಇಲ್ಲ ಅಷ್ಟೇ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟುಗಳನ್ನು ತಂದು ಮಿಂಟ್‌ಗೆ ಹಾಕಿ, ಓದಬಹುದು. ಟೈಪಿಂಗ್‌ಗೆ ಐಬಸ್ ಅನ್ನುವ ಭಾಷಾ ಟೈಪಿಂಗ್ ವ್ಯವಸ್ಥೆಯ ಜೊತೆಗೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡದ ಪಟ್ಟಿಯಲ್ಲಿ ‘ಕೆಜಿಪಿ’ ಸಿಗುತ್ತದೆ. ಅದು ನುಡಿಯದೇ ಕೀಲಿಮಣೆ, ಒತ್ತಕ್ಷರಕ್ಕೆ ಅದೇ ಎಫ್ ಕೀ. ನಮ್ಮ ಮಾವನವರಿಗೆ ಕಂಪ್ಯೂಟರ್ ಬದಲಾದದ್ದು ಬೇಸರ ಆಗಲಿಲ್ಲ, ಬೆರಳಿಗೆ ಎಫ್ ಸಿಕ್ಕಿತಲ್ಲ, ಅಷ್ಟಕ್ಕೇ ಖುಷಿ.

ಮತ್ತೆ ಬಸವೇಶ್ವರನಗರದಿಂದ:

ಆಯ್ತು! ಜಯನಗರದವರು ಹೇಳಿದ ಹಾಗೇ ಮಾಡಿದೆ, ಎರಡೂ ಏಳುತ್ತಿವೆ. ಎನ್‌ಕ್ರಿಪ್ಷನ್ ನನಗೆ ಗೊತ್ತಿಲ್ಲದೆಯೇ ಆನ್ ಆಗಿತ್ತು, ನೋಡದೆ ಹೋಗಿದ್ದರೆ ಕಥೆ ಮುಗಿದಿತ್ತು. ವೈಫೈನೂ ಬಂತು. ಅಪ್ಪ ಕೆಜಿಪಿಯಲ್ಲಿ ಒಂದು ಪುಟ ಹೊಡೆದು ‘ಅಕ್ಷರ ಸ್ವಲ್ಪ ತೆಳ್ಳಗಾಯ್ತು’ ಅಂದರು, ಅಷ್ಟೇ ದೂರು. ಒಂದು ಮಾತ್ರ ಉಳಿದಿದೆ. ವಿಂಡೋಸ್‌ಗೆ ಹೋದರೆ ಬೆಳಿಗ್ಗೆ ಒಂಬತ್ತಕ್ಕೆ ಗಡಿಯಾರ ಮೂರೂವರೆ ತೋರಿಸುತ್ತದೆ. ಬ್ಯಾಟರಿ ಸೆಲ್ ಹೋಯಿತಾ?

ಜಯನಗರದಿಂದ:

ಸೆಲ್ ಅಲ್ಲ. ಸರಿಯಾಗಿ ಐದೂವರೆ ಗಂಟೆ ಹಿಂದಿದೆ ನೋಡಿ, ನಮಗೂ ಗ್ರೀನ್‌ವಿಚ್‌ಗೂ ಇರುವ ವ್ಯತ್ಯಾಸವೇ ಅದು. ಮದರ್‌ಬೋರ್ಡ್ ಗಡಿಯಾರದಲ್ಲಿ ಮಿಂಟ್ ಗ್ರೀನ್‌ವಿಚ್ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಮಿಂಟ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶಕ್ಕೆ ‘ಸೆಟ್-ಲೋಕಲ್-ಆರ್‌ಟಿಸಿ 1’ ಅಂತ ಸೇರಿಸಿ ಕೊಡಿ (timedatectl set-local-rtc 1). ಆಮೇಲೆ ವಿಂಡೋಸ್‌ನಲ್ಲಿ ಒಂದು ಸಲ ಟೈಮ್ ಸಿಂಕ್ ಮಾಡಿ.